ಗುಂಡು ಕಿಟಕಿಯ ಕೋಣೆ

ಪ್ಲಾಸ್ಟರ್ ಬಿಸಿಯಾಗತೊಡಗಿದೆ, ಅಂಗೈಯೊಳಗಿನ ಅಚ್ಚು ಈಗಷ್ಟೇ ತಣ್ಣಗಿತ್ತು, ಈಗ ಒಳಗಿನಿಂದ ಕಾವು ಏರುತ್ತಿದೆ, ಯಾವ ಅಜ್ಜನದೋ ಬೋಳು ವಸಡು, ಜ್ವರ ಬಂದವರ ಹಣೆಯ ಹಾಗೆ ಸುಡುತ್ತದೆ — ಥೂ, ಜ್ವರದ ಮಾತು ಯಾಕೆ ಈಗ, ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅಷ್ಟೇ, ಆಮೇಲೆ ತಾನೇ ತಣ್ಣಗಾಗುತ್ತದೆ, ಅಲ್ಲಿಯವರೆಗೆ ಇವಳಿಗೆ ಬಿಡುವು, ಎಡಗೈಯಲ್ಲಿ ಅಜ್ಜನ ಬಾಯಿ, ಬಲಗೈಯಲ್ಲಿ ಫೋನು, ಹೆಬ್ಬೆರಳ ಕೆಳಗೆ ಮಹಾನಗರದ ಹೋಟೆಲುಗಳು ಒಂದರ ಹಿಂದೊಂದು ಮೇಲಕ್ಕೆ ಸರಿದು ಹೋಗುತ್ತಿವೆ. ಬಿಳಿ ಹಾಸಿಗೆ, ಬಿಳಿ ದಿಂಬು, ಹಾಸಿಗೆಯ ಕಾಲ ಬುಡಕ್ಕೆ ಅಡ್ಡಲಾಗಿ ಒಂದು ಪಟ್ಟಿ ಬಟ್ಟೆ, ಅದು ಯಾತಕ್ಕೆ ಅಂತ ದೇವರಿಗೇ ಗೊತ್ತು, ಹೊದೆಯಲು ಸಾಲದು, ಒರೆಸಲು ಮನಸ್ಸು ಬಾರದು, ಮತ್ತೊಂದು ಹೋಟೆಲು, ಮತ್ತೆ ಅದೇ ಹಾಸಿಗೆ, ಅದೇ ಪಟ್ಟಿ, ಮೇಜಿನ ಮೇಲೆ ಕವುಚಿಟ್ಟ ಎರಡು ಲೋಟ, ಯಾರೂ ಎಂದೂ ಮಲಗದ, ಯಾರೂ ಎಂದೂ ನೀರು ಕುಡಿಯದ ಕೋಣೆಗಳು. ಏನಮ್ಮಾ, ಇನ್ನೂ ಸಿಗ್ಲಿಲ್ವಾ ಹೋಟ್ಲು, ಎದುರು ಮೇಜಿನಿಂದ ಮೇಷ್ಟ್ರು ಕೇಳುತ್ತಾರೆ, ಈ ಹಲ್ಲಿನ ಲ್ಯಾಬಿನಲ್ಲಿ ಎಲ್ಲರಿಗೂ ಕೆಲಸ ಕಲಿಸಿದವರು, ಅದಕ್ಕೇ ಮೇಷ್ಟ್ರು, ಮೇಣದಲ್ಲಿ ಹಲ್ಲು ಕೂರಿಸುತ್ತಾ ತಲೆ ಎತ್ತದೆ ಮಾತಾಡುವವರು, ನಾನು ಹೆಣ್ಣು ಹುಡುಕೋಕೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ ಕಣಮ್ಮಾ, ಅದಕ್ಕೇ ಈಗ ಅನುಭವಿಸ್ತಾ ಇದೀನಿ ಅನ್ನು. ಇವಳು ನಕ್ಕಳು, ನಗದಿದ್ದರೆ ಅವರು ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ. ಸಂಜೆಯೊಳಗೆ ಬುಕ್ ಮಾಡ್ಬಿಡು, ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಗಂಡ ಹೇಳಿದ್ದ, ರಜಾ ಟೈಮು, ಆಮೇಲೆ ಸಿಗಲ್ಲ. ಯಾವ ಥರದ್ದು ನೋಡ್ಲಿ ಎಂದರೆ, ಯಾವುದಾದ್ರೂ ಆಗುತ್ತೆ, ನೀನೇ ನೋಡು. ಯಾವುದಾದ್ರೂ ಆಗುತ್ತೆ — ಪರದೆಯ ಬಣ್ಣಕ್ಕೂ ಅದೇ ಮಾತು, ಅಡುಗೆಗೂ ಅದೇ ಮಾತು, ಇವಳನ್ನು ನೋಡಲು ಬಂದು ಹೋದ ದಿನ ಅವನ ಅಕ್ಕ ಕೇಳಿದಾಗಲೂ ಅದನ್ನೇ ಅಂದಿದ್ದನೋ ಏನೋ, ಕೇಳುವ ಧೈರ್ಯ ಇವಳಿಗೆ ಇದುವರೆಗೆ ಬಂದಿಲ್ಲ.

ಆದರೆ ಹುಡುಗಿ, ಗಂಡನ ಮೊದಲ ಹೆಂಡತಿಯ ಮಗಳು, ಹಾಗೆನ್ನಲಿಲ್ಲ, ಹುಡುಗಿಗೆ ಬೇಕಾದದ್ದು ಇಂಥದೇ ಅಂತ ಇತ್ತು, ನಿನ್ನೆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು, ಒಳಗೆ ಬರಲಿಲ್ಲ, ಅವಳು ಯಾವತ್ತೂ ಹಾಗೇ, ಹೊಸ್ತಿಲ ಮೇಲೆ ಒಂದು ಕಾಲು, ಇಲ್ನೋಡಿ, ಗುಂಡು ಕಿಟಕಿ ಇರೋ ಹೋಟೆಲ್ ಸಿಕ್ರೆ ಅದನ್ನೇ ಮಾಡ್ತೀರಾ. ಇಲ್ನೋಡಿ, ಅದೇ ಇವಳ ಹೆಸರು ಆ ಮನೆಯಲ್ಲಿ, ಮದುವೆಯಾಗಿ ಬಂದಾಗಿನಿಂದ ಹುಡುಗಿ ಅಮ್ಮ ಅಂದಿಲ್ಲ, ಚಿಕ್ಕಮ್ಮ ಅಂದಿಲ್ಲ, ಆಂಟಿ ಅಂತ ಕೂಡ ಅಂದಿಲ್ಲ, ಹತ್ತಿರ ಬಂದು ನಿಂತು ಇಲ್ನೋಡಿ ಅನ್ನುತ್ತಾಳೆ, ಬನ್ನಿ, ಕೂತ್ಕೊಳಿ, ಊಟ ಆಯ್ತಾ, ಎಷ್ಟು ಮರ್ಯಾದೆ, ನೆಂಟರ ಮನೆಗೆ ಹೋದರೂ ಅಷ್ಟು ಮರ್ಯಾದೆ ಸಿಗಲಿಕ್ಕಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು, ತಟ್ಟೆ ತಳ್ಳಿ ಎದ್ದು ಹೋಗಿದ್ದರೆ ಹಿಂದೆ ಓಡಬಹುದಿತ್ತು, ಅವಳು ತಟ್ಟೆ ತೊಳೆದಿಟ್ಟು ಹೋಗುತ್ತಾಳೆ. ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ, ಗುಂಡು ಕಿಟಕಿ, ಹಡಗಿನ ಥರದ್ದಾ, ಹೂಂ, ಗುಂಡಗೆ, ಹತ್ತಿ ಕೂತ್ಕೋಬಹುದು ಅದರಲ್ಲಿ, ಯಾವ ಕಾರ್ಟೂನಿನಲ್ಲಿ ನೋಡಿದಳೋ ಎಂದುಕೊಂಡಳು ಇವಳು, ಎಲ್ಲಿದ್ರೂ ಹುಡುಕ್ತೀನಿ ಕಣೇ ಅಂದಳು, ಹಾಗಂದು ಸೌಟು ತಿರುವುತ್ತಾ ಆ ಕಡೆ ಮುಖ ಮಾಡಿದಳು. ಆಮೇಲೆ ಹುಡುಗಿ ಇನ್ನೂ ಒಂದು ಮಾತು ಕೇಳಿದ್ದಳಲ್ಲ, ಹಲ್ಲಿನ ಕ್ಲಿಪ್ಪು ಹಾಕೋದು ಊರಿಂದ ವಾಪಸ್ ಬಂದ್ಮೇಲೆ ತಾನೆ. ಹೌದು ಪುಟ್ಟಾ, ಮೊದಲು ಪ್ರವಾಸ, ಆಮೇಲೆ ಕ್ಲಿಪ್ಪು. ಸರಿ, ಅಂದಳು ಹುಡುಗಿ, ಬಾಯಿಗೆ ಅಂಗೈ ಅಡ್ಡ ಹಿಡಿದು, ಮಾತಾಡುವಾಗಲೂ ನಗುವಾಗಲೂ ಹಾಗೆ ಅಡ್ಡ ಹಿಡಿಯುತ್ತಾಳೆ, ಆ ಹಲ್ಲಿಗಾಗಿ, ನಾಚಿಕೆ ಪಾಪ, ಎಡಗಡೆಯ ಕೋರೆಹಲ್ಲು ಕಳೆದ ವರ್ಷ ಹುಟ್ಟಿತು, ಜಾಗವಿಲ್ಲದೆ ಪಕ್ಕದ ಹಲ್ಲಿನ ಮೇಲೇರಿ ಕೂತಿದೆ. ಹಲ್ಲಿನ ಲ್ಯಾಬಿನಲ್ಲಿ ದುಡಿಯುವವಳ ಮನೆಯಲ್ಲೇ ಹೀಗೊಂದು ಹಲ್ಲು ಇರಬಾರದು ಎಂದು ಇವಳೇ ಮುಂದೆ ನಿಂತು ಎದುರಿನ ದಂತವೈದ್ಯರ ಹತ್ತಿರ ಕರೆತಂದಳು, ಇವಳೇ ಹಲ್ಲಿನ ಅಳತೆ ತೆಗೆಯುವ ಹಿಟ್ಟು ಕಲಸಿದಳು, ಇವಳೇ ಅಚ್ಚು ಹುಯ್ದಳು, ಅಗೋ ಕಪಾಟಿನ ಮೇಲೆ ಕೂತಿದೆ ಹುಡುಗಿಯ ಬಾಯಿ, ಬಿಳಿ ಪ್ಲಾಸ್ಟರಿನದು, ಮೇಲೆ ಮೇಷ್ಟ್ರು ಕಟ್ಟಿದ ಗುಲಾಬಿ ಕ್ಲಿಪ್ಪು, ಕೋರೆಹಲ್ಲಿನ ಕೊರಳಿಗೆ ತಂತಿ. ಅಮ್ಮನಾಗಿ ಇವಳು ಕೊಡಬಹುದಾದದ್ದು ಬೇರೆ ಏನಿದೆ, ಒಂದು ನೆಟ್ಟಗಿನ ಸಾಲು.

ಕಡಲತೀರದ ಹೋಟೆಲು ಬೇಡ, ಕಡಲತೀರ ಅಂತ ಬರೆದು ಚರಂಡಿ ತೋರಿಸುತ್ತಾರೆ, ನಿಲ್ದಾಣದ ಪಕ್ಕದ್ದು ಬೇಡ, ಇದರ ಕಿಟಕಿ ಚೌಕ, ಇದರದ್ದೂ ಚೌಕ, ಇದಕ್ಕೆ ಕಿಟಕಿಯೇ ಇಲ್ಲ, ಪರದೆ ಮಾತ್ರ ಬಿಟ್ಟಿದ್ದಾರೆ, ಗೋಡೆಯ ಮೇಲೆ ಪರದೆ, ಅದರ ಹಿಂದೆ ಗೋಡೆ. ಗಂಡನ ಮನೆಯ ಗೋಡೆಯೂ ಹಾಗೇ ಇತ್ತು ಇವಳು ಕಾಲಿಟ್ಟ ದಿನ, ಖಾಲಿ, ಮೊಳೆಗಳು ಮಾತ್ರ, ಮೊಳೆಯ ಕೆಳಗೆ ಬಣ್ಣ ಮಾಸದ ಚೌಕಗಳು, ದೊಡ್ಡದೊಂದು, ಸಣ್ಣವು ಎರಡೋ ಮೂರೋ, ಅಲ್ಲೆಲ್ಲ ಮೊದಲಿನವಳು ಇದ್ದಳು. ಹೊಸಬಳು ಬರ್ತಾಳೆ, ಅವಳ ಮನಸ್ಸಿಗೆ ಯಾಕೆ ಕಷ್ಟ ಅಂತ ನಾನೇ ಎಲ್ಲಾ ಎತ್ತಿಡಿಸಿದೆ ಕಣಮ್ಮಾ, ಗಂಡನ ಅಕ್ಕ ಹೇಳಿದ್ದಳು, ಉಪಕಾರ ಮಾಡಿದವರ ದನಿಯಲ್ಲಿ, ಫೋಟೋ, ಸೀರೆ, ಫೋನು, ಒಂದೂ ಬಿಡಲಿಲ್ಲ, ಎಲ್ಲಾ ನನ್ನ ಮನೆಗೆ ತಗೊಂಡ್ಹೋದೆ. ಎಲ್ಲ ಗುಡಿಸಿ, ಒರೆಸಿ, ಹಾಸಿಗೆಗೆ ಹೊಸ ಹೊದಿಕೆ ಹಾಸಿ ಇವಳನ್ನು ಒಳಗೆ ಬಿಟ್ಟರು, ಹೋಟೆಲಿನವರು ಬಿಡುವ ಹಾಗೆ, ಹಿಂದಿನವರು ಖಾಲಿ ಮಾಡಿದ್ದಾರೆ, ನೀವು ಬನ್ನಿ. ಖಾಲಿ ಮಾಡಿದ್ದಳೇ ಅವಳು? ಒಂದು ಜ್ವರ, ಒಂದು ವಾರ ಪೂರ್ತಿ ಆಗಲಿಲ್ಲವಂತೆ, ಹೊರಡುವ ತಯಾರಿಯೇ ಇಲ್ಲದೆ ಹೊರಟವಳು, ಅಂಥವರು ಖಾಲಿ ಮಾಡುತ್ತಾರೆಯೇ, ಚಮಚಗಳು ಯಾವ ಡ್ರಾಯರಿನಲ್ಲಿರಬೇಕೆಂದು ಅವಳು ಇಟ್ಟಿದ್ದಳೋ ಗಂಡನ ಕೈ ಇವತ್ತಿಗೂ ಅದೇ ಡ್ರಾಯರಿಗೆ ಹೋಗುತ್ತದೆ, ಚಮಚಗಳನ್ನು ಇವಳು ಬೇರೆ ಕಡೆ ಇಟ್ಟು ಎಷ್ಟು ಕಾಲವಾಯಿತು, ಕೈ ಖಾಲಿ ಡ್ರಾಯರಿನಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಇತ್ತ ಬರುತ್ತದೆ. ಮುಖ ಗೊತ್ತಿದ್ದರೆ ವಾಸಿ, ಮುಖವೇ ಗೊತ್ತಿಲ್ಲದವಳ ಜತೆ ಒಂದೇ ಮನೆಯಲ್ಲಿ ಹೇಗೆ ಇರುವುದು, ಹೇಗಿದ್ದಳು ಎಂದು ಕೇಳಿದರೆ ಗಂಡ, ಚೆನ್ನಾಗಿದ್ಲು, ಅನ್ನುತ್ತಾನೆ, ಚಪ್ಪಲಿ ಹೇಗಿತ್ತು ಎಂದು ಕೇಳಿದರೂ ಅದನ್ನೇ ಹೇಳುವವನು. ಮತ್ತೆ ಆ ಬೆಳಿಗ್ಗೆ, ಅದನ್ನು ನೆನೆಯುವುದು ಬೇಡ, ಬೇಡವೆಂದರೂ ಬರುತ್ತದೆ, ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿತ್ತು, ಹುಡುಗಿ ಕನ್ನಡಿಯ ಮುಂದೆ ನಿಂತಿದ್ದಳು, ನೆಟ್ಟಗೆ, ಎರಡೂ ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಕಣ್ಣಿಗೆ ಅಡ್ಡ ಇಟ್ಟುಕೊಂಡಿದ್ದಳು, ಕಣ್ಣು ಮೂಗು ಏನೂ ಕಾಣದು, ಬಾಯಿ ಮಾತ್ರ, ಬಾಯಿ ಅಗಲಿಸಿ ನಗುತ್ತಿದ್ದಳು, ಸದ್ದಿಲ್ಲದೆ, ಹಲ್ಲೆಲ್ಲಾ ಬಿಟ್ಟು, ಯಾವ ಹಲ್ಲನ್ನು ಜಗತ್ತಿಗೆಲ್ಲ ಮುಚ್ಚಿಡುತ್ತಾಳೋ ಅದೇ ಹಲ್ಲನ್ನು ಬಿಟ್ಟು. ಮಕ್ಕಳಾಟ, ಫೋಟೋ ತೆಗೆಯುವ ಆಟ, ಎಂದು ತನಗೆ ತಾನೇ ಹೇಳಿಕೊಂಡು ಅಡುಗೆಮನೆಗೆ ಬಂದಳು, ಆದರೆ ಆಟವಾಡುವ ಮಕ್ಕಳು ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದಿಲ್ಲ.

ಅಜ್ಜನ ಬಾಯಿ ತಣ್ಣಗಾಯಿತು, ತಟ್ಟಿ ಬಿಡಿಸಿ ಒಣಗಲು ಇಟ್ಟಳು, ಕೈ ತೊಳೆದಳು, ಫೋನು ಮತ್ತೆ ಕೈಗೆ ಬಂತು, ಇನ್ನೊಂದು, ಇನ್ನೊಂದು, ಕಟ್ಟಡದ ಮುಂಭಾಗ, ಹಳೆಯ ಕಟ್ಟಡ, ಮೇಲಿನ ಅಂತಸ್ತಿನಲ್ಲಿ ಸಾಲಾಗಿ — ಅಯ್ಯೋ. ಗುಂಡು. ಸಾಲಾಗಿ ಗುಂಡು ಕಿಟಕಿಗಳು, ಒಳಗಿನ ಫೋಟೋದಲ್ಲಿ ಮಂಚದ ತಲೆಯ ಮೇಲೆ ಒಂದು ದೊಡ್ಡ ಗುಂಡು ಕಿಟಕಿ, ಕೆಳಗೆ ಮೆತ್ತೆ ಹಾಕಿದ ಕಟ್ಟೆ, ಮಗು ಹತ್ತಿ ಕೂರುವಷ್ಟು ಅಗಲ. ಸಿಕ್ತು ಮೇಷ್ಟ್ರೇ, ಕೂಗಿಬಿಟ್ಟಳು. ಹೆಣ್ಣೋ ಗಂಡೋ, ಮೇಷ್ಟ್ರು. ತಡೆಯಲಾರದೆ ಗಂಡನಿಗೆ ಫೋನು ಮಾಡಿದಳು, ಅವನು ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಾನೆ, ಹಿಂದೆ ಯಂತ್ರ ದಡದಡ ಅನ್ನುತ್ತಿರುತ್ತದೆ, ಕಿರುಚಿಕೊಂಡೇ ಮಾತಾಡಬೇಕು, ರೀ, ಪುಟ್ಟಿ ಹೇಳಿದ ಗುಂಡು ಕಿಟಕಿ ಸಿಕ್ತು, ಹಳೇ ಕಟ್ಟಡ, ತುಂಬಾ ಚೆನ್ನಾಗಿದೆ, ಹೆಸರು ಹೀಗೆ ಹೀಗೆ. ಯಂತ್ರದ ಸದ್ದು ದೂರವಾಯಿತು, ಅಂದರೆ ಅವನು ಹೊರಗೆ ಬಂದ, ಯಾವತ್ತೂ ಇವಳ ಫೋನಿಗೆ ಎದ್ದು ಹೊರಗೆ ಬಂದವನಲ್ಲ. ಅದು ಬೇಡ, ಅಂದ. ಯಾಕ್ರೀ. ಬೇರೆ ನೋಡು. ಯಾಕೆ, ಯಾವುದಾದ್ರೂ ಆಗುತ್ತೆ ಅಂದ್ರಲ್ಲ. ಅಲ್ಲಿ... ಲಿಫ್ಟ್ ಸರಿ ಇಲ್ಲ ಅಲ್ಲಿ. ಇಟ್ಟುಬಿಟ್ಟ. ಲಿಫ್ಟ್ ಸರಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತು, ಈ ಮಾತು ಇವಳ ನಾಲಗೆಯ ತುದಿಯಲ್ಲಿತ್ತು, ಕೇಳಲಿಲ್ಲ, ಆ ಮನೆಯಲ್ಲಿ ಕೇಳದೆ ಬಿಟ್ಟ ಮಾತುಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಅದೇ ಒಂದು ದೊಡ್ಡ ಸಂಸಾರವಾಗುತ್ತದೆ. ಲಿಫ್ಟ್ ಅಂತೆ. ನೋಡೇ ಬಿಡೋಣ, ಉಳಿದು ಹೋದವರು ಹಾಕಿದ ಫೋಟೋ ಇರುತ್ತದಲ್ಲ, ಹೋಟೆಲಿನವರ ಫೋಟೋ ಸುಳ್ಳು, ಉಳಿದವರದ್ದು ನಿಜ, ಅದರ ಕೆಳಗೆ ಅವರವರ ಅಭಿಪ್ರಾಯ, ಟವೆಲ್ ಒದ್ದೆ, ಸಿಬ್ಬಂದಿ ಸಿಡುಕು, ಬಿಸಿನೀರು ಬರುವಷ್ಟರಲ್ಲಿ ರಜೆ ಮುಗಿಯಿತು. ಲಿಫ್ಟಿನ ಬಗ್ಗೆ ಯಾರೂ ಏನೂ ಬರೆದಿಲ್ಲ. ಹಳೆಯವು, ಇನ್ನೂ ಹಳೆಯವು, ಹೆಬ್ಬೆರಳು ಕೆಳಗಿಳಿಯುತ್ತಾ ಹೋಯಿತು, ಬಾವಿಗೆ ಹಗ್ಗ ಬಿಡುವ ಹಾಗೆ.

ಮೊದಲು ಕಂಡದ್ದು ಕಾಲು. ಮಂಚದ ಮೇಲೆ, ಫೋಟೋದ ಒಂದು ಅಂಚಿನಲ್ಲಿ, ಎಡಗಾಲ ಮೇಲೆ ಬಲಗಾಲು, ಹೆಬ್ಬೆರಳು ಸೆಟೆದು ಉಳಿದ ಬೆರಳುಗಳಿಂದ ದೂರ ನಿಂತಿದೆ, ಈ ಕಾಲನ್ನು ಇವಳು ದಿನಾ ನೋಡುತ್ತಾಳೆ, ಭಾನುವಾರದ ಮಧ್ಯಾಹ್ನಗಳಲ್ಲಿ ಇದೇ ಕಾಲು, ಇದೇ ಹೆಬ್ಬೆರಳು, ಇವಳ ಮಂಚದ ಮೇಲೆ. ಆಮೇಲೆ ಕಿಟಕಿ, ಗುಂಡಗೆ, ಅದರ ಕಟ್ಟೆಯ ಮೇಲೆ ಒಂದು ಮಗು ಜಿಗಿಯುತ್ತಿದೆ, ಮುಖ ಅಲುಗಿಹೋಗಿದೆ, ಎರಡು ಜಡೆ ಮಾತ್ರ ಗಾಳಿಯಲ್ಲಿ. ಇವೆಲ್ಲ ಕನ್ನಡಿಯೊಳಗೆ, ಆಗ ತಿಳಿಯಿತು ಇದು ಕನ್ನಡಿಯ ಫೋಟೋ, ಕಪಾಟಿನ ಬಾಗಿಲಿನ ಉದ್ದ ಕನ್ನಡಿ, ಕನ್ನಡಿಯ ನಡುವೆ, ಎಲ್ಲರ ಮುಂದೆ, ಹಳದಿ ಬಟ್ಟೆಯ ಹೆಂಗಸು, ಎರಡೂ ಕೈಯಲ್ಲಿ ಫೋನು ಹಿಡಿದು ಕಣ್ಣಿಗೆ ಅಡ್ಡ ಇಟ್ಟುಕೊಂಡಿದ್ದಾಳೆ. ಕಣ್ಣಿಲ್ಲ, ಮೂಗಿಲ್ಲ. ಬಾಯಿ ಇದೆ. ಬಾಯಿ ಅಗಲಿಸಿ ನಗುತ್ತಿದ್ದಾಳೆ, ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೇರಿ ಕೂತಿದೆ. ಇವಳು ಫೋಟೋ ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಹಲ್ಲು ಚೌಕ ಚೌಕವಾಗಿ ಒಡೆಯುವವರೆಗೆ, ಮತ್ತೆ ಸಣ್ಣದು ಮಾಡಿದಳು, ದಿನವಿಡೀ ಬಾಯಿಗಳನ್ನೇ ನೋಡುವ ಕಣ್ಣು, ಮೋಸ ಹೋಗಲು ಬಯಸಿದರೂ ಹೋಗದ ಕಣ್ಣು, ಅದೇ ಓರೆ, ಅದೇ ತಿರುವು, ತಲೆ ಎತ್ತಿದರೆ ಕಪಾಟಿನ ಮೇಲೆ ಪ್ಲಾಸ್ಟರಿನಲ್ಲಿ ಅದೇ ಹಲ್ಲು, ತಲೆ ತಗ್ಗಿಸಿದರೆ ಫೋನಿನಲ್ಲಿ, ಇವಳೇ ಕಲಸಿ, ಇವಳೇ ಹುಯ್ದು, ಇವಳೇ ಅಂಗೈಯಲ್ಲಿ ಬಿಸಿಯಾಗುವವರೆಗೆ ಹಿಡಿದುಕೊಂಡಿದ್ದಳಲ್ಲ, ಯಾರ ಬಾಯಿಯನ್ನು ಹಿಡಿದುಕೊಂಡಿದ್ದಳು ಅವತ್ತು. ಫೋಟೋದ ಕೆಳಗೆ ತಿಂಗಳು ಬರೆದಿತ್ತು, ಜ್ವರ ಬಂದ ವರ್ಷದ ಬೇಸಿಗೆ. ಅದರ ಕೆಳಗೆ ಅಭಿಪ್ರಾಯ, ಕಿಟಕಿ ತುಂಬಾ ಚೆನ್ನಾಗಿದೆ, ಮಗಳು ಅಲ್ಲಿಂದ ಇಳಿಯಲೇ ಇಲ್ಲ, ಮತ್ತೆ ಬರುತ್ತೇವೆ. ಗಂಡನ ಅಕ್ಕ ಎಲ್ಲವನ್ನೂ ಎತ್ತಿಟ್ಟಳು, ಒಂದೂ ಬಿಡಲಿಲ್ಲ, ಪಾಪ, ಇದು ಅವಳ ಕೈಗೆ ಸಿಗುವಂಥದ್ದಲ್ಲ. ಮತ್ತೆ ಬರುತ್ತೇವೆ. ಹಾಡುಹಗಲು, ಫ್ಯಾನು ತಿರುಗುತ್ತಿದೆ, ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದಾರೆ, ಬಾ ಬಾ ಬಾ, ಸಾಕು, ಅನ್ನುತ್ತಿದ್ದಾರೆ, ಇವಳ ಬೆನ್ನಿಗೆ ಮಾತ್ರ ತಣ್ಣೀರು ಹುಯ್ದ ಹಾಗಾಗಿದೆ.

ಆ ಹಲ್ಲು ಒಳಗೆ ಹೋದ್ರೆ ಮತ್ತೆ ಆಚೆ ಬರಲ್ವಾ, ಅಚ್ಚು ತೆಗೆದ ದಿನ ಹುಡುಗಿ ಕೇಳಿದ್ದಳು, ಬಾಯಿಯಿಂದ ಹಿಟ್ಟಿನ ಚೂರು ಒರೆಸಿಕೊಳ್ಳುತ್ತಾ, ಕಣ್ಣಲ್ಲಿ ನೀರಿತ್ತು, ಹಿಟ್ಟು ಗಂಟಲಿಗೆ ಹೋದರೆ ಎಲ್ಲರಿಗೂ ಬರುತ್ತದೆ ಎಂದುಕೊಂಡಳು ಇವಳು, ಬರೋದೇ ಇಲ್ಲ ಕಣೇ, ಗ್ಯಾರಂಟಿ, ಅಂದಳು, ಹೆಮ್ಮೆಯಿಂದ ಅಂದಳು, ಮೇಷ್ಟ್ರು ಕಟ್ಟಿದ ಕ್ಲಿಪ್ಪು ಅಂದ್ರೆ ಸುಮ್ನೇನಾ. ಸರಿ, ಅಂದಳು ಹುಡುಗಿ. ಬೇಡ ಅನ್ನಲಿಲ್ಲ, ನೆಂಟರಿಗೆ ಬೇಡ ಅನ್ನುವುದು ಹೇಗೆ, ಅಷ್ಟು ಮರ್ಯಾದೆಯ ಹುಡುಗಿ. ಹೋದವಳ ಫೋಟೋ ಒಂದೂ ಇಲ್ಲದ ಮನೆ, ಗೋಡೆಯೆಲ್ಲ ಖಾಲಿ, ಆ ಖಾಲಿಯ ನಡುವೆ, ಅಮ್ಮ ಹೋದ ಎಷ್ಟೋ ದಿನಗಳ ಮೇಲೆ, ಮಗುವಿನ ಬಾಯಲ್ಲಿ ತಾನಾಗಿ ಹುಟ್ಟಿಬಂತು ಅದೊಂದು ಹಲ್ಲು, ಮೊದಲು ಬಿಳಿ ಚುಕ್ಕೆಯಾಗಿ, ಆಮೇಲೆ ಓರೆಯಾಗಿ, ದಿನಾ ಕನ್ನಡಿಯಲ್ಲಿ ಅದು ಇಳಿಯುವುದನ್ನು ಅವಳು ನೋಡಿರಬೇಕು, ದಿನಾ ಅಮ್ಮ ಸ್ವಲ್ಪ ಸ್ವಲ್ಪವೇ ಬರುವುದನ್ನು, ಪೂರ್ತಿ ಬಂದ ದಿನ ಸೋಪಿನ ಡಬ್ಬಿ ತೆಗೆದುಕೊಂಡು ಕಣ್ಣಿಗೆ ಅಡ್ಡ ಹಿಡಿದಳು. ಕಣ್ಣು ಅಪ್ಪನದು, ಅದಕ್ಕೇ ಮುಚ್ಚಿದ್ದು, ಕಣ್ಣು ಮುಚ್ಚಿದರೆ ಉಳಿದದ್ದು ಅಮ್ಮ. ನಾಚಿಕೆಯಲ್ಲ ಅದು, ಅಂಗೈ ಅಡ್ಡ ಹಿಡಿಯುವುದು ನಾಚಿಕೆಗಲ್ಲ, ಕೈಯಲ್ಲಿರುವುದನ್ನು ಕಿತ್ತುಕೊಂಡಾರೆಂದು ಮಕ್ಕಳು ಬಚ್ಚಿಡುತ್ತಾರಲ್ಲ, ಹಾಗೆ, ಮತ್ತೆ ಇವಳು, ಎಲ್ಲ ಗೊತ್ತಿರುವ ಇವಳು, ಆ ಕೈ ಸರಿಸಿ, ಬಾಯಿ ತೆರೆಸಿ, ಅಳತೆ ತೆಗೆದುಕೊಂಡು ಬಂದಳು. ಕ್ಲಿಪ್ಪಿಗೆ ಮುಂಚೆ ಒಂದು ಸಲ, ಆ ಕನ್ನಡಿಯ ಮುಂದೆ ಒಂದೇ ಒಂದು ಸಲ ಅಮ್ಮನನ್ನು ನೋಡಬೇಕು, ಅದಕ್ಕೇ ಗುಂಡು ಕಿಟಕಿ. ದುಃಖವಾಯಿತು, ಹೌದು ದುಃಖವೇ, ಜತೆಗೆ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ, ಅಷ್ಟು ನಗುವ ಬಾಯಿ ಇವಳದಲ್ಲ, ಆ ಮನೆಯಲ್ಲಿ ಹಾಗೆ ಯಾರೂ ಈಗ ನಗುವುದಿಲ್ಲ. ಬೇರೆ ಹೋಟೆಲು ಮಾಡಿಬಿಡಬಹುದು, ಸಿಗಲಿಲ್ಲ ಪುಟ್ಟಾ ಅಂದರೆ ಸರಿ ಅನ್ನುತ್ತಾಳೆ, ಗಂಡನಿಗೂ ನೆಮ್ಮದಿ, ಚೌಕ ಕಿಟಕಿಯ ಕೋಣೆಯಲ್ಲಿ ಮೂವರೂ ಚೌಕವಾಗಿ ಕೂತು ಟೀವಿ ನೋಡಬಹುದು, ವಾಪಸ್ ಬಂದ ಮೇಲೆ ತಂತಿ ತನ್ನ ಕೆಲಸ ಮಾಡುತ್ತದೆ, ದಿನಕ್ಕೆ ಇಷ್ಟಿಷ್ಟೇ, ನೋವಾಗದ ಹಾಗೆ, ಒಂದು ದಿನ ಕನ್ನಡಿಯಲ್ಲಿ ಯಾರೂ ಇರುವುದಿಲ್ಲ. ಅಷ್ಟೇ. ಆಮೇಲೆ ಹುಡುಗಿ ಅಮ್ಮ ಅಂದರೂ ಅನ್ನಬಹುದು, ಯಾರೂ ಇಲ್ಲದ ಮೇಲೆ.

ಎದ್ದಳು, ಯಾವಾಗ ಎದ್ದಳೋ, ಕಪಾಟಿನ ಮುಂದೆ ನಿಂತಿದ್ದಾಳೆ, ಅಚ್ಚು ಕೈಯಲ್ಲಿದೆ, ತಣ್ಣಗಿದೆ, ಉಗುರಿನಿಂದ ಕ್ಲಿಪ್ಪನ್ನು ಮೀಟಿದಳು, ತಂತಿ ಕೋರೆಹಲ್ಲಿನ ಕೊರಳು ಬಿಟ್ಟು ಟಣ್ ಎಂದಿತು. ಏಯ್ ಏಯ್, ಏನ್ ಮಾಡ್ತಿದೀಯಾ, ಮೇಷ್ಟ್ರು ಮೊದಲ ಸಲ ತಲೆ ಎತ್ತಿದರು. ಇದು ಬೇಡ ಮೇಷ್ಟ್ರೇ. ಬೇಡ್ವಾ, ನೀನೇ ಅಳತೆ ತಂದೆ, ನೀನೇ ಅರ್ಜೆಂಟು ಅಂದೆ, ಒಂದು ಮಧ್ಯಾಹ್ನ ಪೂರ್ತಿ ಕೂತು ತಂತಿ ಬಗ್ಗಿಸಿದೀನಿ ನಾನು, ಯಾರು ಬೇಡ ಅಂದಿದ್ದು ಈಗ. ಅವಳಮ್ಮನಿಗೆ ಇಷ್ಟ ಇಲ್ಲ, ಅಂದಳು ಇವಳು, ಬಾಯಿಂದ ಬಂದುಹೋಯಿತು. ಸರಿಹೋಯ್ತು ಬಿಡು, ನಿಂಗೆ ಇಷ್ಟ ಇಲ್ಲಾಂತ ಮೊದಲೇ ಹೇಳ್ಬಾರ್ದಾ, ಮೇಷ್ಟ್ರು ಗೊಣಗಿ ಮತ್ತೆ ಮೇಣದ ಮೇಲೆ ಬಾಗಿದರು, ತಿದ್ದಲು ಇವಳಿಗೆ ಮನಸ್ಸಾಗಲಿಲ್ಲ. ಫೋನು ಕೇಳುತ್ತಿದೆ, ಯಾವ ದಿನ, ಸರಿ, ಯಾವ ಕೋಣೆ, ಗುಂಡು ಕಿಟಕಿಯದು, ಕಪಾಟಿನ ಬಾಗಿಲಿಗೆ ಉದ್ದ ಕನ್ನಡಿ ಇರುವುದು, ವಿಶೇಷ ಕೋರಿಕೆಯ ಜಾಗದಲ್ಲಿ ಅದನ್ನೇ ಬರೆದಳು, ಕಿಟಕಿಯ ಎದುರಿಗೆ ಕನ್ನಡಿ ಇರಬೇಕು, ಗಂಡನಿಗೆ ಏನು ಹೇಳುವುದು, ಲಿಫ್ಟ್ ಸರಿ ಮಾಡಿಸಿದ್ದಾರಂತೆ ಅಂದರಾಯಿತು, ಅವನೇನು ಯಾಕೆ ಅಂತ ಕೇಳುವವನೇ. ಎಷ್ಟು ಜನ. ಮಕ್ಕಳು ಒಂದು. ದೊಡ್ಡವರು — ಹೆಬ್ಬೆರಳು ನಿಂತಿತು, ಎರಡು, ಎರಡೇ ತಾನೆ, ಎರಡರ ಪಕ್ಕ ಕೂಡಿಸುವ ಗುರುತು ಮಿಣುಕುತ್ತಿದೆ, ಮತ್ತೆ ಬರುತ್ತೇವೆ ಅಂದವಳನ್ನು ಎಲ್ಲಿ ಬರೆಯುವುದು, ಹೆದರಿಕೆಯಾಗುತ್ತಿದೆ, ಇವಳಿಗೆ ನಿಜವಾಗಿ ಹೆದರಿಕೆಯಾಗುತ್ತಿದೆ, ಆ ಕೋಣೆಯಲ್ಲಿ ತಾನು ಎಲ್ಲಿ ನಿಲ್ಲಬೇಕು, ಮಂಚದ ಅಂಚಿನಲ್ಲಿ ಕೂತುಕೊಳ್ಳಲೇ, ಬಾಗಿಲ ಹೊರಗೆ ನಿಲ್ಲಲೇ, ಬೇಡ, ಒಳಗೇ ಇರುತ್ತೇನೆ, ನನ್ನ ಫೋನನ್ನು ಅವಳ ಕೈಗೆ ಕೊಡುತ್ತೇನೆ, ತಗೋ ಪುಟ್ಟಾ, ಇದನ್ನು ಹಿಡ್ಕೋ, ಎರಡೂ ಕೈಯಲ್ಲಿ, ಅಷ್ಟು ಹೇಳಿ ಹಿಂದೆ ಸರಿಯುತ್ತೇನೆ, ಎರಡು ಎಂದು ಒತ್ತಿದಳು, ಕಾಯ್ದಿರಿಸಿ ಎಂದು ಒತ್ತಿದಳು, ಚಕ್ರ ತಿರುಗುತ್ತಿದೆ, ಗುಂಡಗೆ, ತಿರುಗುತ್ತಲೇ ಇದೆ, ಅರ್ಧ ತೆರೆದ ಬಾಗಿಲು, ಉದ್ದ ಕನ್ನಡಿ, ಕಣ್ಣಿಗೆ ಅಡ್ಡ ಸೋಪಿನ ಡಬ್ಬಿ, ಕೆಳಗೆ ಆ ಬಾಯಿ, ಸದ್ದಿಲ್ಲದ ನಗು, ಆ ಹಲ್ಲು